ಮಾರ್ಸೇಲಿಗೆ ಒಂದು ಕಾಗದ

೧
ಎಲ್ಲಿಂದ ಶುರು ಮಾಡಲಿ? ಮಾರ್ಸೇಲ್ ಎಂಬ ಫ್ರಾನ್ಸಿನ ಮಹಾಬಂದರಿಗೆ ಎರಡೂವರೆ ಸಾವಿರ ವರ್ಷ ವಯಸ್ಸು. ಗ್ರೀಕರು ಬಂದಿಳಿದ ದಿನದಿಂದ ಹೇಳಿದರೆ ಓದುತ್ತಾ ನೀವು ಮುದುಕರಾಗುತ್ತೀರಿ. (ನಾನು ಆಗುವುದಿಲ್ಲ. ನನ್ನ ಕಥೆಯಲ್ಲಿ ನನಗೆ ವಯಸ್ಸಾಗುವುದನ್ನು ನಾನು ಒಪ್ಪುವವನಲ್ಲ.) ಆ ಊರನ್ನು ನನ್ನಷ್ಟು ಬಲ್ಲವರು ಅಲ್ಲಿ ಹುಟ್ಟಿದವರಲ್ಲೂ ಇಲ್ಲ.

೨
ಬೇಡ, ಹೊಡೆದುಹಾಕಿದೆ. ೧೯೨೮, ಮಂಗಳೂರಿನ ಬಂದರ್. ಗೋದಾಮಿನ ಜಗಲಿಯಲ್ಲಿ ಕೂತು, ಬರೆಯಲು ಬಾರದವರಿಗೆ ಕಾಗದ ಬರೆದುಕೊಡುವವನು ನಾನು. ಎದುರಿಗೆ ಹಂಚಿನ ಕಾರ್ಖಾನೆಯ ದೇಯಿ. ಸುಟ್ಟ ಹಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಸದ್ದಿನಲ್ಲೇ ಒಡಕು ಹಿಡಿಯುವುದು ಅವಳ ಕೆಲಸ. ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಅವಳ ತಮ್ಮ ಚನಿಯ, ಕಾಲು ಮುರಿದುಕೊಂಡು ಮಾರ್ಸೇಲಿನಲ್ಲೇ ಉಳಿದನಂತೆ. ಜೊತೆಯವರು ಸುದ್ದಿ ತಂದು ಏಳು ತಿಂಗಳಾಯಿತು.

"ಅವ ಯಾವ ಬೀದಿಯಲ್ಲಿ ಇರಬಹುದು? ನೀವು ಹೋಗಿ ಬಂದವರಲ್ವಾ?"

೩
ಹೇಳಿದೆ. ಅಲ್ಲಿನ ದೊಡ್ಡ ಬೀದಿ ಹತ್ತು ಆನೆ ಸಾಲಾಗಿ ನಡೆಯುವಷ್ಟು ಅಗಲ. ಸಾಬೂನು ಕಾರ್ಖಾನೆಗಳ ದೆಸೆಯಿಂದ ಕಡಲಲ್ಲಿ ಅಲೆಗಿಂತ ನೊರೆ ಜಾಸ್ತಿ. ನಮ್ಮ ಮದ್ರಾಸ್ ಕಡೆಯ ನೆಲಗಡಲೆ ಹೋಗದಿದ್ದರೆ ಅವರಿಗೆ ಎಣ್ಣೆಯೇ ಇಲ್ಲ. ಒಪೆರಾ ಎಂಬ ಅವರ ಹಾಡುನಾಟಕದಲ್ಲಿ ಒಬ್ಬಳು ಹಾಡಿದರೆ ಮರುದಿನ ಮೀನು ಮಾರುವವರೂ ಅದೇ ರಾಗದಲ್ಲಿ ಕೂಗುತ್ತಾರೆ. ಅವರ ಮಾಡಿನ ಹಂಚು? ನಾವೇ ಕಲಿಸಿದ್ದು!

ದೇಯಿ ನನ್ನ ಮೇಜನ್ನು ಗೆಣ್ಣಿನಿಂದ ತಟ್ಟಿದಳು.

"ಹಂಚಿನ ಮಾದರಿ ಅಲ್ಲಿಂದ ಇಲ್ಲಿಗೆ ಬಂದದ್ದು ಮಾರಾಯ್ರೆ, ನಮ್ಮ ಮೇಸ್ತ್ರಿ ಹೇಳಿದ್ದಾರೆ. ನಿಮ್ಮದು ಒಡಕು ಸದ್ದು. ನೀವು ಅಲ್ಲಿಗೆ ಹೋದವರೇ ಅಲ್ಲ."

(ಓದುಗರೇ, ಇವಳನ್ನು ಸೃಷ್ಟಿಸಿದವನು ನಾನು. ಉಪಕಾರಸ್ಮರಣೆ ಎಂಬುದು...)

"ಎಂತ ಅಲ್ಲಿ ಗೊಣಗುವುದು? ಅಡ್ರೆಸ್ ಬರೀರಿ."

೪
ಪಕ್ಕದ ಉಳ್ಳಾಲದಿಂದಾಚೆ ಕಾಲಿಟ್ಟವನಲ್ಲ ನಾನು. ಒಪ್ಪಿಕೊಂಡೆ. (ಆದರೆ ಉಳ್ಳಾಲವನ್ನು ನನ್ನಷ್ಟು ಬಲ್ಲವರಿಲ್ಲ.) ಜೊತೆಯವರು ಹೇಳಿದ್ದನ್ನಷ್ಟೇ ಬರೆದೆವು: ಚನಿಯನ ಹೆಸರು, ಹಡಗಿನ ಹೆಸರು, ಬಂದರಿನ ಆಸ್ಪತ್ರೆ, ಮಾರ್ಸೇಲ್. ಒಳಗೆ ಅವಳದೇ ಮಾತು: "ಕಾಲು ಸರಿಯಾಗದಿದ್ದರೂ ಬಾ. ಹಂಚು ತಟ್ಟಲಿಕ್ಕೆ ಕಾಲು ಬೇಡ. ನಾನು ಕಲಿಸ್ತೇನೆ."

೫
ಈಗ ಅಂತ್ಯ. ಒಂದು: ಚನಿಯ ಮುಂದಿನ ಹಡಗಿಗೇ ಬರುತ್ತಾನೆ. ಎರಡು: ಸಾಬೂನು ಕಾರ್ಖಾನೆಯ ಮಾಲಕನಾಗಿ, ಮೂರು ಹಡಗು ಸಮೇತ ಬರುತ್ತಾನೆ. (ಮೂರು ಕಡಿಮೆಯಾಯಿತು. ಏಳು.) ಇನ್ನೊಂದಕ್ಕೆ ಲೇಖನಿ ಅದ್ದುವಾಗ ದೇಯಿ ಶಾಯಿ ಕುಡಿಕೆಗೆ ಅಂಗೈ ಮುಚ್ಚಿದಳು.

"ಸಾಕು. ಉತ್ತರ ಅವ ಬರೀಲಿ. ನೀವು ಬರೀಬೇಡಿ."

ಕಾಗದ ಎತ್ತಿಕೊಂಡು ಅಂಚೆಕಚೇರಿಯ ಕಡೆಗೆ ಹೊರಟೇಬಿಟ್ಟಳು. ಗೋಂದಿನ ಬಾಟಲಿ ಹಿಡಿದು ನಾನು ಹಿಂದೆ ಓಡುತ್ತಿದ್ದೇನೆ.

"ದೇಯಿ, ನಿಲ್ಲು ಮಾರಾಯ್ತಿ! ಲಕೋಟೆ ಅಂಟಿಸಿಲ್ಲ!"

ಅವಳು ನಿಲ್ಲುತ್ತಿಲ್ಲ.