ಊರ ಬಚ್ಚಲಮನೆ ಯಾರ ಪಾಲಿಗೆ

ಸ್ವೀಡನ್ನಿನ ಈ ಗುಲ್ಡ್‌ಸೆಲೆಯ ಜನ ನನ್ನನ್ನೂ ನನ್ನ ಗಂಡನನ್ನೂ ಚಿನ್ನ ಅಗೆಯುವವರು, ಅಂದರೆ ದುಡ್ಡಿನ ಆಸೆಗೆ ಬಂದವರು, ಎಂದೇ ಕರೆಯುತ್ತಾರೆ. ಬೆನ್ನ ಹಿಂದೆ ಅಲ್ಲ, ಅಂಗಡಿಯಲ್ಲಿ ಹಾಲಿನ ಪೊಟ್ಟಣಕ್ಕೆ ಕೈ ಹಾಕುವಾಗ ನನಗೆ ಕೇಳುವ ಹಾಗೆ. ಇವರ ಅಜ್ಜಂದಿರೇ ಒಂದು ಕಾಲದಲ್ಲಿ ಗುದ್ದಲಿ ಹಿಡಿದು ಈ ಕಾಡಿಗೆ ಓಡಿ ಬಂದವರು ಎನ್ನುವುದನ್ನು ಮಾತ್ರ ಯಾರೂ ನೆನೆಸಿಕೊಳ್ಳುವುದಿಲ್ಲ.

ಹೊಳೆಯ ದಡದ ಬಂಡೆಯಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿಗೆ ಬೇಸಿಗೆ ಕಳೆಯುವುದರೊಳಗೆ ಇಲ್ಲಿ ಊರು ಎದ್ದಿತಂತೆ. ದುಡ್ಡು ಬಂದ ಹೊಸದರಲ್ಲಿ ಎಲ್ಲರಿಗೂ ಬರುವ ಜಂಬ ಇವರಿಗೂ ಬಂತು. ಚೌಕದ ಒಂದು ಬದಿಗೆ ಗೋಪುರ, ಗಡಿಯಾರ, ಕಲ್ಲಿನ ಮೆಟ್ಟಿಲು ಇಟ್ಟು ಕೋರ್ಟು ಕಟ್ಟಿಸಿದರು. ಅದರ ಎದುರಿಗೆ, ಗಣಿಯಿಂದ ಕೆಸರು ಮೆತ್ತಿಕೊಂಡು ಬಂದವರು ಮೈ ತೊಳೆದುಕೊಳ್ಳಲಿ ಎಂದು ಕೆಂಪು ಇಟ್ಟಿಗೆಯ ಸಾರ್ವಜನಿಕ ಸ್ನಾನಗೃಹ ಕಟ್ಟಿಸಿದರು. ಚಿನ್ನ ಮುಗಿಯಿತು, ಗಣಿ ಮುಚ್ಚಿತು, ಕಟ್ಟಡಗಳು ಉಳಿದವು. ಚಾರಿತ್ರಿಕ ಕಟ್ಟಡಗಳಾದ್ದರಿಂದ ಕೆಡವುವಂತಿಲ್ಲ, ಹೊರಗಿನ ರೂಪ ಬದಲಿಸುವಂತಿಲ್ಲ. ಸಾಕಿ ಸಾಕಾಗಿ ಇಲ್ಲಿಯ ಕೊಮ್ಯೂನ್, ಅಂದರೆ ನಗರಸಭೆ, ಎರಡನ್ನೂ ಒಟ್ಟಿಗೆ ಮಾರಾಟಕ್ಕಿಟ್ಟಿತು.

ಆಗ ನಾವು ಗೋಥೆನ್‌ಬರ್ಗ್‌ನಲ್ಲಿದ್ದೆವು. ನನ್ನ ಗಂಡ ನಂದಕುಮಾರ ಅಲ್ಲಿಯ ಲಿಂಡ್‌ಹೋಲ್ಮೆನ್ ಬಡಾವಣೆಯಲ್ಲಿ ಕಾರುಗಳ ಸಾಫ್ಟ್‌ವೇರ್ ಬರೆಯುತ್ತಿದ್ದ. ನಾನು ಇನ್ನೊಂದು ಕಂಪನಿಯಲ್ಲಿ ಅಂಥದೇ ಕೆಲಸ ಮಾಡುತ್ತಿದ್ದೆ. ಕೋರ್ಟಿನ ಫೋಟೋ ನೋಡಿ ಅವನು ಮರುಳಾದ. ಆಫೀಸಿನ ಕೆಲಸ ಎಲ್ಲಿ ಕೂತರೂ ಮಾಡಬಹುದು, ಜಾಗ ಬದಲಾದರೆ ನಮ್ಮ ಜಗಳವೂ ಕಡಿಮೆಯಾದೀತು ಎಂದು ನಾನೂ ಸಹಿ ಹಾಕಿದೆ. ಜಗಳ ನಮ್ಮ ಸಾಮಾನಿನ ಜೊತೆಯಲ್ಲೇ ಬಂತು. ಇಲ್ಲಿ ಅದಕ್ಕೆ ಬೇಕಾದಷ್ಟು ಕೋಣೆಗಳೂ ಸಿಕ್ಕಿದವು.

ಕೊನೆಗೆ ಬೇರೆಯಾಗುವುದೆಂದು ತೀರ್ಮಾನವಾಯಿತು. ಅದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ವಕೀಲರ ಕೈಗೆ ಹೋದರೆ ಎರಡನ್ನೂ ಮಾರಿಸುತ್ತಾರೆ. ಅದು ಇಬ್ಬರಿಗೂ ಬೇಡ. ಹಾಗಾಗಿ ಕಾರ್ಲ್‌ಸ್ಟಾಡ್‌ನಿಂದ ಕೃಷ್ಣಮೂರ್ತಿಗಳನ್ನು ಕರೆಸಿದೆವು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ ನಿವೃತ್ತರಾದವರು. ನಮ್ಮ ಮದುವೆಗೂ ಬಂದಿದ್ದರು, ಆದ್ದರಿಂದ ಇದಕ್ಕೂ ಬರಬೇಕೆಂದು ಹಟ ಹಿಡಿದು ಕರೆದೆ.

"ಲಾಯರ್ ಗೀಯರ್ ಏನೂ ಬೇಡಮ್ಮ," ಎಂದರು ಅವರು. "ನಮ್ಮೂರಲ್ಲಿ ಅಣ್ಣ ತಮ್ಮಂದಿರು ಹೆಂಗ್ ಮಾಡ್ತಿದ್ರು? ಒಬ್ರು ಪಾಲು ಹಾಕೋದು, ಇನ್ನೊಬ್ರು ಆರಿಸ್ಕೊಳೋದು. ಸಿಂಪಲ್. ಮೋಸಕ್ಕೆ ಜಾಗಾನೇ ಇಲ್ಲ."

"ಅವಳೇ ಪಾಲು ಹಾಕ್ಲಿ ಅಂಕಲ್," ಎಂದ ನಂದಕುಮಾರ. "ನಾನು ಹಾಕಿದ್ರೆ ಸಾಯೋವರೆಗೂ ಅನ್ಯಾಯ ಆಯ್ತು ಅಂತಿರ್ತಾಳೆ."

"ಆಯ್ತು. ಆದ್ರೆ ಆರಿಸಿದ್ಮೇಲೆ ಯಾರೂ ಬಾಯಿ ಬಿಡೋ ಹಾಗಿಲ್ಲ," ಎಂದೆ ನಾನು. ಈ ಷರತ್ತು ನನ್ನದೇ. ಕೃಷ್ಣಮೂರ್ತಿಗಳು ಮುಂದಿನ ತಿಂಗಳು ಬರುತ್ತೇನೆಂದು ಹೊರಟರು.

ನನಗೆ ಬೇಕಾಗಿದ್ದದ್ದು ಸ್ನಾನಗೃಹ. ಕೋರ್ಟು ಅವನ ತಲೆಗೇ ಬೀಳಲಿ. ಆ ಎತ್ತರದ ಕಿಟಕಿಗಳು, ನ್ಯಾಯಾಧೀಶರ ಮೇಜು, ಗೋಡೆಯ ಮೇಲಿನ ಗಡ್ಡದವರ ಚಿತ್ರಗಳು, ಯಾವುದನ್ನು ಕಂಡರೂ ನನಗೆ ಮೈ ಉರಿಯುತ್ತದೆ. ಸ್ನಾನಗೃಹದ ಕಥೆ ಬೇರೆ. ಬಾಗಿಲು ತೆಗೆದ ಮೊದಲ ದಿನ ಜೇಡರ ಬಲೆಯ ಹಿಂದೆ ತಾಮ್ರದ ದೊಡ್ಡದೊಂದು ಬಾಯ್ಲರ್ ಕಂಡಿತು. ಮೈಯೆಲ್ಲ ಹಸಿರು ಕಿಲುಬು. ಆದರೂ ತುಮಕೂರಿನಲ್ಲಿ ಅಜ್ಜಿಯ ಮನೆಯ ಬಚ್ಚಲಿನ ಹಂಡೆ ನೆನಪಾಗಿ ನನಗೆ ಅಲ್ಲೇ ಅಳು ಬಂತು. ಗೋಥೆನ್‌ಬರ್ಗ್‌ನ ಇಂಡಿಯನ್ ಅಂಗಡಿಯಿಂದ ಹುಣಸೆಹಣ್ಣು ತರಿಸಿ, ಉಪ್ಪು ಸೇರಿಸಿ, ಬೇಸಿಗೆಯೆಲ್ಲ ಕೂತು ಉಜ್ಜಿದೆ. ಕೊಳಾಯಿ ರಿಪೇರಿಯವನು ಬಂದು ನೋಡಿ, ಪೈಪು ಬದಲಿಸಿ, ಬೆಂಕಿ ಹಾಕಬಹುದು ಎಂದ.

ಹಾಗೆ ಉಜ್ಜುವಾಗಲೇ ಗುನ್‌ಬೋರ್ಗ್ ಬಂದದ್ದು. ಪಕ್ಕದ ಬೀದಿಯ ಮುದುಕಿ. ಒಂದು ಒಳ್ಳೆಯ ಮಾತು ಆಡಿದವಳಲ್ಲ. ಬಾಗಿಲಲ್ಲಿ ನಿಂತು ಕೈಕಟ್ಟಿಕೊಂಡು ನೋಡಿದಳು.

"ಚಿಕ್ಕವಳಿದ್ದಾಗ ಅಮ್ಮ ಇಲ್ಲಿ ನನ್ನ ತಲೆ ಉಜ್ಜುತ್ತಿದ್ದಳು," ಎಂದಳು. "ನೀನೂ ಇದನ್ನು ಹೋಟೆಲ್ ಮಾಡುತ್ತೀಯ, ಅಲ್ಲವಾ?"

"ಇಲ್ಲ. ಇದರಲ್ಲಿ ಸ್ನಾನವೇ ನಡೆಯುತ್ತೆ," ಎಂದೆ ಸ್ವೀಡಿಷ್‌ನಲ್ಲಿ. "ದೀಪಾವಳಿ ಅಂತ ನಮ್ಮ ಹಬ್ಬ ಇದೆ. ಹಿಂದಿನ ದಿನ ಹಂಡೆಗೆ ನೀರು ತುಂಬಿ, ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಬಿಸಿನೀರು ಹಾಕಿಕೊಳ್ಳುತ್ತೇವೆ. ಅವತ್ತು ಬಾ. ನಿನ್ನ ಸ್ನೇಹಿತೆಯರನ್ನೂ ಕರೆದುಕೊಂಡು ಬಾ."

ಅವಳು ನಂಬಲಿಲ್ಲ. ಆದರೆ ವಾರಕ್ಕೊಮ್ಮೆ ಬಂದು, ಬಾಯ್ಲರ್ ಎಷ್ಟು ಹೊಳೆಯಿತು ಎಂದು ಬೈದುಕೊಂಡೇ ನೋಡಿ ಹೋಗತೊಡಗಿದಳು. ಈ ಊರಿನಲ್ಲಿ ನನ್ನ ಮನೆ ಬಾಗಿಲಿಗೆ ಬಂದವಳು ಅವಳೊಬ್ಬಳೇ. ಮೇಲಿನ ಸಣ್ಣ ಕೋಣೆಯಲ್ಲಿ ನಾನಿದ್ದುಕೊಂಡು, ಕೆಳಗೆ ಊರಿನ ಹೆಂಗಸರಿಗೆ ನೀರು ಕಾಯಿಸಿಕೊಂಡು ಬದುಕಬೇಕೆಂದು ಆಸೆಯಾಯಿತು. ಮದುವೆಯಾದ ಮೇಲೆ ನನಗೆ ಅಷ್ಟು ಗಟ್ಟಿಯಾಗಿ ಏನೂ ಬೇಕೆನಿಸಿರಲಿಲ್ಲ.

ಇದನ್ನು ನಂದಕುಮಾರನಿಗೆ ಬಾಯಿ ಬಿಟ್ಟು ಹೇಳುವಷ್ಟು ದಡ್ಡಿ ನಾನಲ್ಲ. ಮಾಲ್ಮೋದಲ್ಲಿ ಇರೋಣ ಎಂದು ನನಗಿದ್ದಾಗ ಗೋಥೆನ್‌ಬರ್ಗ್‌ನಲ್ಲಿ ಕೆಲಸ ಹಿಡಿದವನು ಅವನು. ನಾನು ಕಿಟಕಿ ತೆಗೆದರೆ ಅವನಿಗೆ ಚಳಿ, ಮುಚ್ಚಿದರೆ ಉಸಿರು ಕಟ್ಟುತ್ತದೆ. ನನಗೆ ಬಚ್ಚಲಮನೆ ಬೇಕೆಂದು ಗೊತ್ತಾದರೆ ಕಣ್ಣು ಮುಚ್ಚಿಕೊಂಡು ಅದನ್ನೇ ಆರಿಸುತ್ತಾನೆ. ಕೋರ್ಟಿನ ಗೋಪುರದ ಗಡಿಯಾರ ಅವನಿಗೆ ಇಷ್ಟ, ಅದೂ ಗೊತ್ತಿತ್ತು. ಕೆಟ್ಟು ನಿಂತದ್ದನ್ನು ಅವನೇ ಬಿಚ್ಚಿ, ಎಣ್ಣೆ ಬಿಟ್ಟು ನಡೆಸಿದ್ದ. ಪ್ರತಿ ಭಾನುವಾರ ಮೇಲೆ ಹತ್ತಿ ಕೀಲಿ ಕೊಡುತ್ತಿದ್ದ. ಆದರೆ ನನ್ನನ್ನು ನೋಯಿಸುವುದು ಅವನಿಗೆ ಗಡಿಯಾರಕ್ಕಿಂತ ಹೆಚ್ಚು ಇಷ್ಟವೆಂದು ನಾನು ಲೆಕ್ಕ ಹಾಕಿದ್ದೆ.

ಹಾಗಾಗಿ ಆ ಒಂದು ತಿಂಗಳು ನಾಟಕ ಶುರು ಮಾಡಿದೆ. ಅವನು ಕೋರ್ಟಿನ ಹಾಲ್‌ಗೆ ಬರುವ ಹೊತ್ತಿಗೆ ನಾನು ನ್ಯಾಯಾಧೀಶರ ಮೇಜು ಒರೆಸುತ್ತಿರುತ್ತಿದ್ದೆ. ಕಿಟಕಿಗೆ ಪರದೆ ಹೊಲಿಸಿದೆ. ಅವನಿಗೆ ಕೇಳುವ ಹಾಗೆ ಅಮ್ಮನ ಜೊತೆ ಫೋನಿನಲ್ಲಿ, "ಈ ಕೋರ್ಟು ಬಿಟ್ಟು ಹೆಂಗಮ್ಮ ಇರ್ಲಿ, ಇದೇ ನನ್ ಮನೆ ಅನ್ಸ್‌ಬಿಟ್ಟಿದೆ," ಎಂದು ಮೂಗು ಒರೆಸಿಕೊಂಡೆ. ಬೆಂಗಳೂರಿನಲ್ಲಿದ್ದ ಅಮ್ಮ ನಿಜವೆಂದೇ ನಂಬಿ ಅತ್ತಳು. ಸ್ನಾನಗೃಹಕ್ಕೆ ಹೋಗುವಾಗ ಮೂಗು ಮುಚ್ಚಿಕೊಂಡು, ಥೂ ಈ ಪಾಚಿ ವಾಸನೆ ಎಂದು ಗೊಣಗುವುದನ್ನೂ ಮರೆಯುತ್ತಿರಲಿಲ್ಲ.

"ಮತ್ತೆ ಆ ಹಂಡೆ ಯಾಕೆ ಅಷ್ಟು ಉಜ್ಜಿದೆ?" ಎಂದು ಒಮ್ಮೆ ಕೇಳಿದ.

"ಟೈಮ್ ಪಾಸ್. ನಿನ್ನ ಮುಖ ನೋಡ್ತಾ ಕೂರೋದಕ್ಕಿಂತ ವಾಸಿ."

ಅವನು ಗೋಪುರದ ಮೆಟ್ಟಿಲು ಹತ್ತಿದ. ಗೆದ್ದೆ ಎಂದುಕೊಂಡೆ.

ಪಾಲಿನ ದಿನ ಕೃಷ್ಣಮೂರ್ತಿಗಳು ಕೋಡುಬಳೆಯ ಡಬ್ಬಿ ಹಿಡಿದು ಬಂದರು. ಕೋರ್ಟಿನ ಹಾಲ್‌ನಲ್ಲೇ ಕೂತೆವು. ಹೊರಗೆ ಆಗಲೇ ಹಿಮ. ಕಾಫಿಯ ಲೋಟಗಳನ್ನು ನ್ಯಾಯಾಧೀಶರ ಮೇಜಿನ ಮೇಲಿಟ್ಟು ನನ್ನ ಪಾಲು ಹೇಳಿದೆ. ಕೋರ್ಟು ಒಂದು ಪಾಲು, ಅದರ ಜೊತೆ ಕಾರು, ಮರದ ಕಪಾಟುಗಳು, ಪಾತ್ರೆ ಪಗಡಿ, ಒಳ್ಳೆಯ ಸೋಫಾ. ಸೋರುವ ಮಾಡಿನ ಸ್ನಾನಗೃಹ ಇನ್ನೊಂದು ಪಾಲು. ಅದರ ಜೊತೆ ಏನೂ ಇಲ್ಲ.

ಕೃಷ್ಣಮೂರ್ತಿಗಳು ಕನ್ನಡಕ ತೆಗೆದರು. "ಏನಮ್ಮ ಇದು ರಜನಿ, ತಕ್ಕಡಿ ಒಂದ್ ಕಡೆಗೇ ವಾಲಿದೆಯಲ್ಲ. ಅವನು ಕಣ್ಣು ಮುಚ್ಕೊಂಡು ಕೋರ್ಟ್ ತಗೋತಾನೆ. ನಿಂಗೇನು ಉಳಿಯುತ್ತೆ?"

"ಅದೃಷ್ಟ ಅಂಕಲ್. ಅವನಿಗೆ ಮನಸ್ಸಾಕ್ಷಿ ಇದ್ರೆ ಬಿಟ್ಕೊಡ್ಲಿ," ಎಂದು ಕಣ್ಣೀರು ತಂದುಕೊಂಡೆ. ಕೊನೆಯ ಏಟು ಅದು. ಮನಸ್ಸಾಕ್ಷಿಯ ಮಾತೆತ್ತಿದರೆ ಅವನಿಗೆ ಪಿತ್ತ ನೆತ್ತಿಗೇರುತ್ತದೆ.

ನಂದಕುಮಾರ ಕಿಟಕಿಯ ಹೊಸ ಪರದೆಯ ಕಡೆ ನೋಡಿದ. ಮೇಲೆ ಗಡಿಯಾರ ಗಂಟೆ ಹೊಡೆಯಿತು. ಅದು ನಿಲ್ಲುವವರೆಗೂ ಕಾದು, "ನಾನು ಬಚ್ಚಲಮನೆ ತಗೋತೀನಿ," ಎಂದ.

ಕೃಷ್ಣಮೂರ್ತಿಗಳು ಅವನ ಬೆನ್ನು ತಟ್ಟಿದರು. ಅವನು ನನ್ನ ಕಡೆ ನೋಡದೆ ಹೇಳಿದ: "ಕೋರ್ಟ್ ನೀನೇ ಇಟ್ಕೋ. ಕಾರು ಗೀರು ಎಲ್ಲಾ. ನಿಂಗೆ ಇದು ಇಷ್ಟ ಆಗಿದೆ ಅಂತ ಗೊತ್ತಾಗ್ತಿತ್ತು. ಗಡಿಯಾರ ಬಿಟ್ಟು ಹೋಗೋಕೆ ನಂಗೂ ಸಂಕಟಾನೇ. ಇಷ್ಟು ವರ್ಷ ಕಿತ್ತಾಡಿದ್ದು ಸಾಕು, ಹೋಗೋವಾಗಾದ್ರೂ ಒಂದು ಒಳ್ಳೇದು ಮಾಡಿ ಹೋಗ್ತೀನಿ."

ಸುಮ್ಮನಿರಬಹುದಿತ್ತು. ಷರತ್ತು ನನ್ನದೇ ಆಗಿತ್ತು. ಆದರೆ ಕಣ್ಣ ಮುಂದೆ ಹೊಳೆಯುವ ತಾಮ್ರ ಬಂದು, ಗುನ್‌ಬೋರ್ಗ್‌ಳ ಗಂಟುಮುಖ ಬಂದು, ನನ್ನ ಬಾಯಿಂದ ಮಾತು ಹೊರಗೆ ಬಿತ್ತು.

"ನಂಗೆ ಕೋರ್ಟ್ ಬೇಡ. ನಂಗೆ ಬೇಕಾಗಿದ್ದಿದ್ದು ಬಚ್ಚಲಮನೆ. ನಾನು ಸುಳ್ಳು ಆಡಿದೆ."

"ಯಾಕೆ?" ಎಂದ. ನಿಜಕ್ಕೂ ಅರ್ಥವಾಗದೆ ಕೇಳಿದ.

"ಬೇಕು ಅಂದ್ರೆ ನೀನು ಕೊಡ್ತಿರ್ಲಿಲ್ಲ. ಮಾಲ್ಮೋ ವಿಷ್ಯದಲ್ಲಿ ಮಾಡಿದ ಹಾಗೇ ಮಾಡ್ತಿದ್ದೆ."

"ಮಾಲ್ಮೋ?" ಅವನು ಎದ್ದು ನಿಂತ. "ಮಾಲ್ಮೋಗೆ ಹೋಗೋಣ ಅಂತ ಯಾವತ್ತು ಹೇಳಿದ್ದೆ ನೀನು? ಒಂದ್ಸಲಾನಾದ್ರೂ ಬಾಯ್ಬಿಟ್ಟು ಹೇಳಿದ್ದೀಯಾ?"

"ಹೇಳ್ಬೇಕಾಗಿತ್ತಾ? ಗೊತ್ತಾಗ್ಬೇಕಾಗಿತ್ತು."

ಅವನ ಮುಖ ಕೆಂಪೇರಿತು. ಈ ಒಂದು ತಿಂಗಳನ್ನು ಅವನು ಒಂದೊಂದಾಗಿ ನೆನೆಸಿಕೊಳ್ಳುತ್ತಿರುವುದು ನನಗೆ ಕಾಣುತ್ತಿತ್ತು. ಮೇಜು ಒರೆಸಿದ್ದು, ಪರದೆ ಹೊಲಿಸಿದ್ದು, ಅಮ್ಮನ ಜೊತೆ ಫೋನಿನಲ್ಲಿ ಅತ್ತದ್ದು.

"ನೀನು ಅಳೋದು ಕೇಳಿಸ್ಕೊಂಡು ನಾನು ಅವತ್ತು ಮೇಲೆ ಗಡಿಯಾರದ ಪಕ್ಕ ಕೂತು ಅತ್ತಿದ್ದೀನಿ ಕಣೆ," ಎಂದ. "ನಂಗೆ ಬೇಕಾಗಿದ್ದಿದ್ದು ಕೋರ್ಟು. ನೀನು ಈ ನಾಟಕ ಆಡ್ದೆ ಬಾಯ್ಮುಚ್ಕೊಂಡು ಇದ್ದಿದ್ರೆ ನಾನು ಕೋರ್ಟೇ ತಗೋತಿದ್ದೆ, ನಿಂಗೆ ಬಚ್ಚಲಮನೆ ತಾನಾಗೇ ಬರ್ತಿತ್ತು. ಅಷ್ಟು ಕೀಳು ಅನ್ಕೊಂಡಿದ್ದೀಯಲ್ಲ ನನ್ನನ್ನ."

"ಹಾಗಾದ್ರೆ ಬದಲಾಯಿಸ್ಕೊಳ್ಳಿಪ್ಪ," ಎಂದರು ಕೃಷ್ಣಮೂರ್ತಿಗಳು, ಬಹಳ ಹಗುರಾಗಿ. "ಇಬ್ರಿಗೂ ಬೇಕಾದ್ದು ಸಿಗುತ್ತೆ. ಏನಂತೆ?"

ನಾನು ನಂದಕುಮಾರನ ಮುಖ ನೋಡಿದೆ. ನಾನು ಇಷ್ಟು ವರ್ಷ ಹೆದರಿಕೊಂಡು ಬಂದ ಆ ಮುಖ, ನನಗೆ ಬೇಕಾದುದನ್ನು ಹುಡುಕಿ ಕಿತ್ತುಕೊಳ್ಳುವ ಮುಖ, ಅವತ್ತು ಅಲ್ಲಿ ಮೊದಲ ಸಲ ಕಂಡಿತು. ಅಲ್ಲಿಯವರೆಗೂ ಅದು ನನ್ನ ತಲೆಯೊಳಗೆ ಮಾತ್ರ ಇತ್ತು.

"ಇಲ್ಲ ಅಂಕಲ್," ಎಂದ. "ಆರಿಸಿದ್ಮೇಲೆ ಬಾಯಿ ಬಿಡೋ ಹಾಗಿಲ್ಲ ಅಂತ ಅವಳೇ ಹೇಳಿದ್ದು. ಗಡಿಯಾರ ಬೇಕಾದ್ರೆ ಹಾಳಾಗ್ಲಿ. ಆ ಹಂಡೆ ಮಾತ್ರ ಇವಳಿಗೆ ಸಿಗಲ್ಲ."

ಕೈಮುಗಿದೆ. ಹೌದು, ನಾನು, ಅವನಿಗೆ. ಅವನು ಕೋಟು ಹಾಕಿಕೊಂಡು ಚೌಕ ದಾಟಿ ಹೋಗಿ ಸ್ನಾನಗೃಹಕ್ಕೆ ಹೊಸ ಬೀಗ ಜಡಿದ. ಸಂಜೆಯ ಬಸ್ಸಿಗೆ ಕೃಷ್ಣಮೂರ್ತಿಗಳ ಜೊತೆಯಲ್ಲೇ ಊರು ಬಿಟ್ಟ. ಅವರು ತಂದ ಕೋಡುಬಳೆಯ ಡಬ್ಬಿ ಮುಚ್ಚಳ ತೆಗೆಯದೆ ಮೇಜಿನ ಮೇಲೇ ಉಳಿಯಿತು.

ನರಕ ಚತುರ್ದಶಿಯ ಬೆಳಿಗ್ಗೆ ಕೋರ್ಟಿನ ಕಿಟಕಿಯಿಂದ ನೋಡಿದರೆ ಗುನ್‌ಬೋರ್ಗ್ ಬರುತ್ತಿದ್ದಳು. ಅವಳ ಹಿಂದೆ ಇನ್ನೂ ಕೆಲವು ಮುದುಕಿಯರು, ಎಲ್ಲರ ಕಂಕುಳಲ್ಲೂ ಟವೆಲ್ಲು. ಬರಬೇಡಿ ಎಂದು ಮೊದಲೇ ಹೇಳಿ ಕಳಿಸಬೇಕಾಗಿತ್ತು. ನಾಚಿಕೆಯಿಂದ ದಿನ ದೂಡಿದ್ದೆ. ಸ್ನಾನಗೃಹದ ಬೀಗ ಅಲ್ಲಾಡಿಸಿ ನೋಡಿ ಗುನ್‌ಬೋರ್ಗ್ ಸೀದಾ ಕೋರ್ಟಿನ ಮೆಟ್ಟಿಲ ಬುಡಕ್ಕೆ ಬಂದಳು. ನಾನು ಬಾಗಿಲು ತೆಗೆದು ಹೊರಗೆ ನಿಂತೆ. ಗೋಪುರದ ಗಡಿಯಾರಕ್ಕೆ ಯಾರೂ ಕೀಲಿ ಕೊಡದೆ ಅದು ನಿಂತು ಹೋಗಿತ್ತು.

"ಬೀಗದ ಕೈ ಕೊಡು," ಎಂದಳು.

"ನನ್ನ ಹತ್ತಿರ ಇಲ್ಲ. ಅದು ಅವನ ಪಾಲಿಗೆ ಹೋಯಿತು."

"ನಿನಗೆ ಬೇಕು ಅಂತ ಅವನನ್ನು ಕೇಳಲಿಲ್ಲವಾ?"

"ಕೇಳಿದೆ."

ಅವಳು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. "ಮೊದಲು ಕೇಳಿದೆಯಾ, ಆಮೇಲೆ ಕೇಳಿದೆಯಾ?"

"ಆಮೇಲೆ," ಎಂದೆ.

ಗುನ್‌ಬೋರ್ಗ್ ಟವೆಲ್ಲನ್ನು ಇನ್ನೊಂದು ಮಡಿಕೆ ಮಡಿಚಿ ಕಂಕುಳಿಗೆ ಸಿಕ್ಕಿಸಿಕೊಂಡಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಉಳಿದವರನ್ನು ಕರೆದುಕೊಂಡು, ಹಿಮದಲ್ಲಿ ಬಂದ ದಾರಿಯಲ್ಲೇ ವಾಪಸು ಹೋದಳು.