ಹಿಂದಿನ ಸೀಟಿನ ಪಟ್ಟಿ

ನಮ್ಮ ಯಜಮಾನರು ಎರಡು ವರ್ಷದಲ್ಲಿ ಹನ್ನೊಂದು ಕಾರು ನೋಡಿ ಹನ್ನೊಂದನ್ನೂ ಬೇಡ ಎಂದಿದ್ದರು. ಒಂದಕ್ಕೆ ಏರ್‌ಬ್ಯಾಗ್ ಎರಡೇ ಇದ್ದವು. ಇನ್ನೊಂದರ ಟಯರಿಗೆ ವಯಸ್ಸಾಗಿತ್ತು. ಮತ್ತೊಂದರಲ್ಲಿ ಎಲ್ಲವೂ ಸರಿಯಿತ್ತು, ಆದರೆ ಹಾರ್ನು ಅಳುವ ದನಿಯಲ್ಲಿದೆ, ಇದಕ್ಕೆ ಯಾರೂ ದಾರಿ ಬಿಡುವುದಿಲ್ಲ ಎಂದರು. ಹೆಣ್ಣು ನೋಡಲು ಬಂದಾಗ ಉಪ್ಪಿಟ್ಟು ಮುಗಿಯುವುದರೊಳಗೆ ನನ್ನನ್ನು ಒಪ್ಪಿದ ವೆಂಕಟರಮಣ ಇವರೇನಾ ಎಂದು ನನಗೆ ಅನುಮಾನವಾಗುತ್ತಿತ್ತು.

ಇವರ ಉದ್ಯೋಗವೂ ಅಂಥದ್ದೇ ಅನ್ನಿ. ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿ ರಾಕೆಟ್ಟಿನ ಬಿಡಿಭಾಗಗಳನ್ನು ಪರೀಕ್ಷಿಸಿ ಸಹಿ ಹಾಕುವ ಕೆಲಸ. ಮೈಸೂರಿನಿಂದ ವರ್ಗವಾಗಿ ಬಂದು ಪಟ್ಟಂನ ಫ್ಲ್ಯಾಟಿನಲ್ಲಿ ನಾವು ಆರು ವರ್ಷದಿಂದ ಇದ್ದೇವೆ. ಆಫೀಸಿನ ಪರೀಕ್ಷೆ ಮನೆಗೂ ಬರುತ್ತದೆ. ಹೊಸ ಕುಕ್ಕರ್ ತಂದ ದಿನ ಅದರ ವಿಷಲ್ ಎಣಿಸಿ, ವೇಳೆ ಬರೆದುಕೊಂಡು, ಆಮೇಲೆ ಅನ್ನ ಮಾಡಲು ಅಪ್ಪಣೆ ಕೊಟ್ಟವರು.

ಆದರೆ ಕಾರಿನ ವಿಷಯ ಬೇರೆ. ಎರಡು ವರ್ಷದ ಹಿಂದೆ ಕೊಚ್ಚಿಯಲ್ಲಿ ಮಗಳು ನೇಹಾಳ ಮನೆಯಲ್ಲಿ ಊಟ ಮುಗಿಸಿ ವಾಪಸು ಬರುವಾಗ, ಹರಿಪ್ಪಾಡ್ ದಾಟಿದ ಮೇಲೆ ನಮ್ಮ ಹಳೇ ಕಾರು ರಸ್ತೆ ಬಿಟ್ಟು ಯಾರದೋ ಕಾಂಪೌಂಡಿಗೆ ಗುದ್ದಿತು. ನಾನು ಪಕ್ಕದ ಸೀಟಿನಲ್ಲಿ ಗಾಢ ನಿದ್ದೆಯಲ್ಲಿದ್ದೆ. ಎಚ್ಚರವಾದಾಗ ಕತ್ತಿನ ಕೆಳಗಿನ ಮೂಳೆ ಮುರಿದಿತ್ತು. "ಬ್ರೇಕ್ ಹಿಡೀಲಿಲ್ಲ ಕಣೇ," ಎಂದಷ್ಟೇ ಅಂದರು. ಅಂದಿನಿಂದ ಸ್ಟಿಯರಿಂಗ್ ಮುಟ್ಟಿಲ್ಲ.

ಮೂಳೆ ಕೂಡಿತು. ಇವರು ಕೂಡಿಕೊಳ್ಳಲಿಲ್ಲ. ಮನೆಯಲ್ಲಿ ಎರಡು ಮಾತಿಗೆ ಮೂರನೆಯದು ಸೇರಿಸದ ಈ ಮನುಷ್ಯ ಕಾರು ಓಡಿಸುವಾಗ ಮಾತ್ರ ಹರಟುತ್ತಿದ್ದರು. ಆಫೀಸಿನ ಚಾಡಿ, ಬಾಲ್ಯದ ಕಳ್ಳತನ, ನನ್ನ ತವರಿನವರ ಗೇಲಿ, ಎಲ್ಲ ಆಗಲೇ. ಶನಿವಾರ ಸಂಜೆ ಶಂಖುಮುಖಂ ಕಡಲತೀರಕ್ಕೆ ಹೋಗಿ ಬರುವುದರೊಳಗೆ ವಾರದ ಮಾತು ಮುಗಿಯುತ್ತಿತ್ತು. ಬಸ್ಸಿನಲ್ಲಿ, ಆಟೊದಲ್ಲಿ ಇವರು ಕಂಬಿ ಹಿಡಿದು ಕೂರುತ್ತಾರೆ, ಬಾಯಿ ಬಿಡುವುದಿಲ್ಲ. ನನಗೆ ಬೇಕಿದ್ದದ್ದು ಕಾರಲ್ಲ, ಆ ಹರಟೆಯ ಗಂಡ.

ಹನ್ನೆರಡನೆಯ ಕಾರನ್ನು ಹುಡುಕಿದವಳು ನೇಹಾ. ಅವಳಿಗೆ ಕೊಚ್ಚಿಯ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸ. ಅವಳ ಸಹೋದ್ಯೋಗಿಯ ದೊಡ್ಡಪ್ಪ ಕುರುವಿಳ ಎಂಬವರು ಅಲ್ಲೇ ಹತ್ತಿರದಲ್ಲಿದ್ದರು, ಬ್ಯಾಂಕಿನಿಂದ ನಿವೃತ್ತರು. ಅವರದು ಐದು ವರ್ಷದ ಬಿಳಿ ಸೆಡಾನ್.

"ಅಮ್ಮ, ಇದೇ ಲಾಸ್ಟ್," ಎಂದಳು ಫೋನಿನಲ್ಲಿ. "ಇದೂ ಬೇಡ ಅಂದ್ರೆ ಅಪ್ಪಂಗೆ ಕಾರ್ ಬೇಡ ಅಂತಾನೇ ಅರ್ಥ. ಇನ್ನು ನಾನು ಹುಡುಕಲ್ಲ."

ನನಗೂ ಹಾಗೇ ಅನ್ನಿಸಿತ್ತು. ಶನಿವಾರ ಬೆಳಗಿನ ರೈಲಿನಲ್ಲಿ ಎರ್ನಾಕುಲಂಗೆ ಹೋಗಿ, ಬಸ್ಸಿನಲ್ಲಿ ಕಾಕ್ಕನಾಡ್ ಸೇರಿ, ಮಗಳ ಕೈಯಡುಗೆ ಉಂಡು, ಎರಡು ಗಂಟೆಯ ಬಿಸಿಲಿನಲ್ಲಿ ಮೂವರೂ ಕುರುವಿಳರ ಗೇಟಿನ ಮುಂದೆ ನಿಂತೆವು.

ಕುರುವಿಳ ಎತ್ತರದ ಆಳು, ಬಿಳಿ ಮುಂಡು, ಬಿಳಿ ಮೀಸೆ. ನಿಂಬೆ ಶರಬತ್ತು ಕೊಟ್ಟು ಉಪಚರಿಸಿದರು. ಇವರು ಮೂಸಿಯೂ ನೋಡದೆ ಬ್ಯಾಗಿನಿಂದ ಟಾರ್ಚು, ಟಯರಿನ ಗಾಳಿ ಅಳೆಯುವ ಕಡ್ಡಿ ಮತ್ತು ತಮ್ಮ ಪಟ್ಟಿ ತೆಗೆದರು. ನಾಲ್ಕು ಹಾಳೆ, ಮೂವತ್ತೆರಡು ಅಂಶ. ಟಯರಿನ ಮೇಲಿನ ನಾಲ್ಕು ಅಂಕಿ ಓದಿ ಅದು ಯಾವ ವಾರ ಹುಟ್ಟಿದ್ದು ಎಂದು ಹೇಳಿದರು. ಕಾರಿನ ಅಡಿಗೆ ಮಲಗಿ ಬ್ರೇಕಿನ ಕೊಳವೆ ನೋಡಿದರು. ಮುಂದಿನ ಎರಡೂ ಸೀಟ್ ಬೆಲ್ಟನ್ನು ಜಗ್ಗಿ ಎಳೆದು, ತಟ್ಟನೆ ಹಿಡಿಯುತ್ತದೋ ಎಂದು ಪರೀಕ್ಷಿಸಿದರು. ಪಟ್ಟಿಯನ್ನು ಹಿಂದಿನ ಸೀಟಿನ ಮೇಲೆ ಎಸೆದು ಬಾನೆಟ್ ಎತ್ತಿದರು. ಕುರುವಿಳ ಪಾಪ, ಪರೀಕ್ಷೆಯ ಫಲಿತಾಂಶ ಕಾಯುವವರಂತೆ ಕೈಕಟ್ಟಿ ನಿಂತಿದ್ದರು.

ಅರ್ಧ ಗಂಟೆಯಾದ ಮೇಲೆ ಇವರು ಬಾನೆಟ್ಟಿನೊಳಗಿಂದ ತಲೆ ಎತ್ತಿ, ನೇರ ಕುರುವಿಳರನ್ನೇ ನೋಡುತ್ತ, ಆಫೀಸಿನ ದನಿಯಲ್ಲಿ ಕೇಳಿದರು, "ಪಟ್ಟಿ ಎಲ್ಲಿ?"

ಕುರುವಿಳರ ಮುಖ ಬಿಳಿಚಿತು. ಏನೋ ಹುಡುಕುವಾಗ ಎದುರು ಸಿಕ್ಕವರನ್ನು ಹೀಗೆ ದುರುಗುಟ್ಟಿ ನೋಡುವುದು ನಮ್ಮವರ ಅಭ್ಯಾಸ. ಅದು ಅವರಿಗೇನು ಗೊತ್ತು?

"ಬ್ಯಾಕ್ ಸೀಟಲ್ಲಿ ಪಟ್ಟಿ ಇತ್ತಲ್ಲ," ಎಂದರು ಇವರು ಮತ್ತೆ.

"ಅಲ್ಲೇ ಇರತ್ತೆ ನೋಡಿ ರೀ. ಪಟ್ಟಿ ಏನು ಓಡಿ ಹೋಗತ್ತಾ?" ಎಂದೆ ನಾನು.

ಕುರುವಿಳ ಮೆಟ್ಟಿಲ ಮೇಲೆ ಕುಸಿದು ಕೂತರು. "ಸಾರೇ, ಕ್ಷಮಿಕ್ಕಣಂ," ಎಂದರು. ಆಮೇಲೆ ಇಂಗ್ಲಿಷು ಮಲಯಾಳಂ ಕಲಸಿ ಒಂದೇ ಉಸಿರಿಗೆ ಏನೇನೋ ಹೇಳತೊಡಗಿದರು. ನೇಹಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು.

"ಅಮ್ಮ, ಪಟ್ಟಿ. ಮಲಯಾಳಂ ಪಟ್ಟಿ. ನಾಯಿ," ಎಂದಳು.

ಆರು ವರ್ಷದಲ್ಲಿ ನಮಗೆ ಆ ಪದ ಗೊತ್ತಿರಲಿಲ್ಲವೆಂದಲ್ಲ. ನಮ್ಮ ನಮ್ಮೊಳಗೆ ಮಾತಾಡುವಾಗ ಯಾರಿಗೆ ನೆನಪಿರುತ್ತದೆ? ಕುರುವಿಳರಿಗೆ ನಮ್ಮ ಕನ್ನಡದಲ್ಲಿ ತಿಳಿದದ್ದು ಇಷ್ಟೇ: ಬ್ಯಾಕ್ ಸೀಟಿನಲ್ಲಿ ನಾಯಿ ಇತ್ತು, ಆ ನಾಯಿ ಈಗ ಎಲ್ಲಿ? ಬಾನೆಟ್ಟಿನೊಳಗೆ ತಲೆಯಿಟ್ಟೇ ಎಲ್ಲವನ್ನೂ ಕಂಡುಹಿಡಿದ ಮಹಾ ಪರೀಕ್ಷಕ ಇವರು ಎಂದುಕೊಂಡರು.

ಕಥೆ ಹೀಗಿತ್ತು. ಅವರ ಮನೆಯಲ್ಲಿ ಕೈಸರ್ ಎಂಬ ನಾಯಿ ಇತ್ತು, ಈಗ ಅದು ತ್ರಿಶ್ಶೂರಿನ ಮಗನ ಮನೆಯಲ್ಲಿದೆ. ಹಿಂದಿನ ಸೀಟು ಅದರ ಸಿಂಹಾಸನ. ಒಂದು ದಿನ ಅದು ಎಡಗಡೆಯ ಬೆಲ್ಟನ್ನು ಕಡಿದು ಎರಡು ತುಂಡು ಮಾಡಿತ್ತು. ಕುರುವಿಳ ಅದನ್ನು ಬ್ಯಾಗ್ ಹೊಲಿಯುವವನ ಹತ್ತಿರ ಹೊಲಿಸಿ, ಸೀಟಿನ ಸಂದಿಗೆ ತುರುಕಿದ್ದರು.

"ಯಾರು ಎಳೆದು ನೋಡುತ್ತಾರೆ ಅಂದುಕೊಂಡೆ," ಎಂದರು. "ನೀವು ಬರುತ್ತೀರಿ ಅಂದಾಗಿನಿಂದ, ಮೂರು ದಿನ, ನನಗೆ ಊಟ ಸೇರಿಲ್ಲ. ನಾಳೆ ಅಲ್ಲೊಂದು ಮಗು ಕೂತರೆ?"

ಇವರು ಸಂದಿಯಿಂದ ಬೆಲ್ಟ್ ಹೊರಗೆಳೆದರು. ದಪ್ಪ ಕಪ್ಪು ದಾರ, ಅಡ್ಡ ಉದ್ದ ನಾಲ್ಕು ಸಾಲು. ನನ್ನ ರವಿಕೆ ಹೊಲಿಯುವವಳಿಗಿಂತ ನೇರವಾದ ಹೊಲಿಗೆ. ಆದರೆ ಹೊಲಿದ ಬೆಲ್ಟು ಹೊಲಿದ ಬೆಲ್ಟೇ. ಹನ್ನೆರಡನೆಯದೂ ಹೋಯಿತು ಎಂದುಕೊಂಡೆ. ಇನ್ನು ಈ ಜನ್ಮಕ್ಕೆ ಬಸ್ಸಿನ ಕಂಬಿಯೇ ಗತಿ.

ಇವರು ಆ ಹೊಲಿಗೆಯ ಒಂದೊಂದೇ ಸಾಲನ್ನು ಬೆರಳಿನಿಂದ ಸವರಿ ನೋಡಿದರು.

"ಹೇಳಿದ್ದು ದೊಡ್ಡದು," ಎಂದರು ಕುರುವಿಳರಿಗೆ ಇಂಗ್ಲಿಷಿನಲ್ಲಿ. "ಬೆಲ್ಟ್ ಬದಲಾಯಿಸಬಹುದು. ಕೀ ಕೊಡ್ತೀರಾ?"

ನೇಹಾ ನಗು ನಿಲ್ಲಿಸಿದಳು. ಹನ್ನೊಂದು ಕಾರಿನಲ್ಲಿ ಒಂದರ ಕೀಯನ್ನೂ ಇವರು ಕೇಳಿರಲಿಲ್ಲ. ಓಡಿಸಿ ನೋಡುವುದಕ್ಕೆ ಪ್ರತಿ ಸಲವೂ ಯಾವನಾದರೂ ಡ್ರೈವರನ್ನು ಕರೆಯುತ್ತಿದ್ದರು. ಮಗಳನ್ನು ಒತ್ತೆ ಇಟ್ಟು ಹೋಗಿ ಎಂದು ಕುರುವಿಳ ತಮಾಷೆ ಮಾಡಿದರು. ನಾನು ಇವರ ಪಕ್ಕದಲ್ಲಿ ಕೂತೆ. ಇವರು ಕೀ ತಿರುಗಿಸಲಿಲ್ಲ.

"ಅನಸೂಯಾ, ಅವತ್ತು ಬ್ರೇಕ್ ಚೆನ್ನಾಗೇ ಇತ್ತು."

"ಯಾವತ್ತು?"

"ಹರಿಪ್ಪಾಡಲ್ಲಿ. ನಂಗೆ ಜೋಂಪು ಹತ್ತಿತ್ತು. ಅರ್ಧ ಗಂಟೆಯಿಂದ ಕಣ್ಣು ಎಳೀತಿತ್ತು. ನಿನ್ನ ಎಬ್ಸಿ ಹೇಳಕ್ಕೆ ಒಂಥರಾ ನಾಚಿಕೆ. ಇನ್ನೊಂದ್ ಸ್ವಲ್ಪ, ಇನ್ನೊಂದ್ ಸ್ವಲ್ಪ ಅಂತ ಹೋದೆ." ಕೀಯನ್ನೇ ನೋಡುತ್ತ ಮುಂದುವರಿಸಿದರು. "ಎರಡು ವರ್ಷದಿಂದ ಎಲ್ಲಾ ಕಾರಲ್ಲೂ ತಪ್ಪು ಹುಡುಕ್ತಿದೀನಿ. ಈ ಕುರುವಿಳರಾದ್ರೂ ಮೂರೇ ದಿನಕ್ಕೆ ಹೇಳ್ಬಿಟ್ರು."

ನನಗೆ ಕೋಪ ಬಂತು. ಬರದೆ ಇರುತ್ತದೆಯೇ? ಆ ಕಾರನ್ನು ಗುಜರಿಯವರು ಎಳೆದೊಯ್ಯುವಾಗ ತೊಲಗಲಿ ಶನಿ ಎಂದು ನೆಟಿಕೆ ಮುರಿದವಳು ನಾನು. ಪಾಪ, ಮೂಕ ಲೋಹದ ಮೇಲೆ ಎಷ್ಟು ಶಾಪ. ಬಾಯಿಗೆ ಬಂದದ್ದೆಲ್ಲ ಅನ್ನೋಣ ಎಂದು ತಿರುಗಿದೆ. ಇವರು ಸ್ಟಿಯರಿಂಗನ್ನು ಬಸ್ಸಿನ ಕಂಬಿಯಂತೆ ಹಿಡಿದು ಕೂತಿದ್ದರು. ಕೋಪದ ಜೊತೆಗೆ ಅಳುವೂ ಬಂತು.

"ಬೈಯೋದು ರೈಲಲ್ಲಿ ಬೈತೀನಿ. ತುಂಬಾ ಇದೆ," ಎಂದೆ. "ಈಗ ಓಡ್ಸಿ."

"ಮತ್ತೆ ಹಾಗೇ ಆದ್ರೆ?"

"ನಿದ್ದೆ ಬರದೇ ಇರೋ ಮನುಷ್ಯ ಎಲ್ಲಿದಾನೆ ರೀ? ಕೀ ತಿರುಗ್ಸಿ."

ನಾನು ಬೆಲ್ಟ್ ಎಳೆದುಕೊಂಡೆ. ಅದು ಸರಿಯಾಗಿ ಆ ಹಳೇ ಮೂಳೆಯ ಗಂಟಿನ ಮೇಲೆ ಕೂತಿತು. ಇವರು ಅದನ್ನು ನೋಡಿದರು. ಕೈಚಾಚಿ ಬೆಲ್ಟಿನ ಮೇಲ್ತುದಿಯ ಕೊಂಡಿಯನ್ನು ಒಂದು ಮೆಟ್ಟಿಲು ಕೆಳಗಿಳಿಸಿ, ಬೆಲ್ಟನ್ನು ಭುಜದ ಕಡೆಗೆ ಸರಿಸಿದರು. ಆಮೇಲೆ ಕಾರು ಹೊರಟಿತು.

ಮೊದಲು ಸೈಕಲ್ಲಿಗಿಂತ ನಿಧಾನ. ಹಿಂದಿನಿಂದ ಆಟೊದವನು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ ಮುಂದೆ ಹೋದ. ಒಂದು ಬಸ್ಸು ಮೈಮೇಲೆ ಬಂದಂತೆ ಬಂದಾಗ ಇಬ್ಬರೂ ಉಸಿರು ಹಿಡಿದೆವು. ಕಲೆಕ್ಟರೇಟ್ ದಾಟಿದ ಮೇಲೆ ಇವರ ಹೆಗಲು ಸಡಿಲವಾಯಿತು. ಐಟಿ ಪಾರ್ಕಿನ ಗೇಟಿನ ಹತ್ತಿರ, "ನಮ್ಮ ಆಫೀಸಲ್ಲಿ ಹೊಸದಾಗಿ ಧರಣೇಂದ್ರ ಅಂತ ಒಬ್ಬ ಬಂದಿದಾನೆ, ಮಹಾ ಕಿಲಾಡಿ," ಎಂದು ಶುರು ಮಾಡಿದರು. ನಾನು ಹೂಂಗುಟ್ಟುತ್ತ ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ.

ಒಂದು ಸುತ್ತು ಮುಗಿದು ಮತ್ತೆ ಕುರುವಿಳರ ಮನೆ ಬಂತು. ಅವರು ಗೇಟಿನಲ್ಲೇ ಕಾಯುತ್ತಿದ್ದರು. ಇವರು ನಿಲ್ಲಿಸಲಿಲ್ಲ, ಮುಂದಕ್ಕೆ ಹೋದರು. ಧರಣೇಂದ್ರನ ಕಥೆ ಇನ್ನೂ ಮುಗಿದಿರಲಿಲ್ಲ. ನೇಹಾಳ ಫೋನ್ ಬಂತು, ಸ್ಪೀಕರಿಗೆ ಹಾಕಿದೆ.

"ಅಮ್ಮ, ಅಂಕಲ್ ಕೇಳ್ತಿದಾರೆ, ಕಾರ್ ತಗೋತೀರಾ ಇಲ್ಲಾ ತಗೊಂಡೇ ಹೋದ್ರಾ?"

"ಹೊಸ ಬೆಲ್ಟ್ ಹಾಕ್ಸಿ ಕೊಟ್ರೆ ತಗೋತೀವಿ ಅನ್ನು," ಎಂದರು ಇವರು, ರಸ್ತೆಯಿಂದ ಕಣ್ಣು ತೆಗೆಯದೆ.

ನಾನು ಹಾಗೇ ಹೇಳಿ ಫೋನ್ ಇಟ್ಟೆ. ಸ್ವಲ್ಪ ದೂರ ಹೋದ ಮೇಲೆ ಇವರ ಮಾತು ತಾನಾಗಿ ನಿಂತಿತು. ಬಿಸಿಲು ಕಾದಿತ್ತು, ಮಗಳ ಮನೆಯ ಊಟ ಇವರ ಹೊಟ್ಟೆಯಲ್ಲಿ ಭಾರವಾಗಿತ್ತೆಂದು ಕಾಣುತ್ತದೆ. ಎಡಗಡೆ ಒಂದು ಚಹಾದ ಅಂಗಡಿ ಕಾಣಿಸಿತು.

"ಅನಸೂಯಾ."

"ಏನು?"

"ನಂಗೆ ನಿದ್ದೆ ಬರ್ತಿದೆ. ಸ್ವಲ್ಪ ನಿಲ್ಸ್ಲಾ?"

"ನಿಲ್ಸಿ," ಎಂದೆ.