ಸುಂಕಯ್ಯನ ಬಾಣಂತನ

ಕೃಷ್ಣೆಯ ಕಾಲುವೆಯ ದಂಡೆಯಲ್ಲಿ ಸರ್ಕಾರ ಬೇಲಿ ಹಾಕಿ ಕೂರಿಸಿದ್ದ ಎರುಕಲ ಕುಲದವರ ಕೇರಿಯಲ್ಲಿ ಗಂಡುಮಗು ಹುಟ್ಟಿದ ದಿನವೇ ಕಳ್ಳರ ಪಟ್ಟಿಗೆ ಸೇರುತ್ತಿತ್ತು. ಹೆಣ್ಣಿಗೆ ಪಟ್ಟಿಯಿರಲಿಲ್ಲ. ಬೆಳೆದ ಗಂಡಸರಿಗೆ ದಿನಕ್ಕೆ ಮೂರು ಹಾಜರಿ. ಒಂದು ತಪ್ಪಿದರೂ ಜೈಲು. ಕೇರಿಯ ಮುದುಕಿಯರು ಹೇಳುವ ಸಂಗತಿ ಆ ಕಾಲದ್ದು.

ಪೋಲೇರಿಗೆ ಮಧ್ಯಾಹ್ನ ನೋವು ಕಾಣಿಸಿಕೊಂಡಿತು. ಕುಲದ ಕಟ್ಟಳೆಯಂತೆ ಗಂಡ ಸುಂಕಯ್ಯ ಅವಳ ಸೀರೆಯುಟ್ಟು, ಅವಳ ಕುಂಕುಮವಿಟ್ಟು, ಕತ್ತಲ ಕೋಣೆಯಲ್ಲಿ ಮುಸುಕೆಳೆದು ಮಲಗಿದ. ಹೆರುವವಳು ಹೆಂಡತಿ, ಬಾಣಂತನ ಗಂಡನದು. ಮೂರು ದಿನದೊಳಗೆ ಅವನೆದ್ದು ಹೊಸ್ತಿಲು ದಾಟಿದರೆ ಕೂಸು ಉಳಿಯದೆಂಬ ನಂಬಿಕೆ. ಗಂಡುಮಗುವಾಯಿತು. ತೊಳೆದು ಅಪ್ಪನ ಮಗ್ಗುಲಲ್ಲಿ ಮಲಗಿಸಿ, ಬಾಣಂತಿಗೆ ಕೊಡುವ ಇಂಗು ಬೆಲ್ಲವನ್ನೂ ಅವನ ಬಾಯಿಗೇ ಇಟ್ಟರು. ಅಷ್ಟರಲ್ಲಿ ಸಂಜೆ ಹಾಜರಿಯ ಗಂಟೆ ಹೊಡೆಯಿತು.

ಅದೇ ಮಧ್ಯಾಹ್ನ ಪಕ್ಕದ ಪೇಟೆಯಲ್ಲಿ ಸಾಹುಕಾರನೊಬ್ಬನ ಮನೆಯ ಬೀಗ ಮುರಿದು ಕಳವಾಗಿತ್ತು. ಹಾಜರಿಗೆ ಬಾರದವನು ಸುಂಕಯ್ಯನೊಬ್ಬನೇ. ಕೇರಿಗೆ ಹೊಸಬನಾದ ಪೊಲೀಸ್ ದಫೇದಾರ ಜಗ್ಗಾರಾವು ಪುಸ್ತಕ ಹಿಡಿದು ಬಂದಾಗ ಪೋಲೇರಿ ಅಂಗಳದಲ್ಲಿ ಒಲೆ ಉರಿಸುತ್ತಿದ್ದಳು.

"ಎಲ್ಲೇ ನಿನ್ ಗಂಡ?"

"ಒಳಗೆ ಮಲಗವ್ನೆ ಸ್ವಾಮಿ. ಬಾಣಂತಿ."

"ಗಂಡ್ಸು ಬಾಣಂತಿನಾ? ನನ್ನೇನು ತೊಟ್ಲಲ್ಲಿರೋ ಕೂಸು ಅಂದ್ಕೊಂಡ್ಯಾ?" ಅವನು ಬಾಗಿಲಿಂದ ಇಣುಕಿದ. ಸೀರೆ, ಕುಂಕುಮ, ನಡುವೆ ಮೀಸೆ. "ಓಹೋ, ವೇಷ ಬೇರೆ. ಏಳೋ ಮೇಲೆ."

ಸುಂಕಯ್ಯ ಅಲುಗಲಿಲ್ಲ. ಅವನ ಅಂಗೈ ಮಗುವಿನ ಎದೆಯ ಮೇಲಿತ್ತು.

ಪೋಲೇರಿಯ ಅತ್ತೆ ಅಂಕಾಲಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ಎಳ್ಕೊಂಡ್ ಹೋಗು ದೊರೆ. ಹೆರಿಗೆಮನೆ ಮೈಲಿಗೆ ಮೆಟ್ಕೊಂಡು ಮನೆಗ್ ಹೋಗು. ನಿಮ್ ಮನೆ ಅಮ್ಮಾವ್ರೂ ಬಸುರಿಯಂತಲ್ಲ."

ಎತ್ತಿದ್ದ ಬೂಟುಗಾಲು ಹೊಸ್ತಿಲಿನ ಈಚೆಗೇ ಇಳಿಯಿತು. ಆಗ ಅವನ ಕಣ್ಣಿಗೆ ಪೋಲೇರಿಯ ಹಿಮ್ಮಡಿ ಬಿತ್ತು. ಸೀರೆಯ ಅಂಚಿನಿಂದ ಇಳಿದ ರಕ್ತ ಇನ್ನೂ ಹಸಿಯಾಗಿತ್ತು.

"ಪುಸ್ತಕ ಇತ್ಲಾಗ್ ಕೊಡಿ ಸ್ವಾಮಿ," ಎಂದಳು ಅವಳು. "ಹೆಬ್ಬೆಟ್ಟು ನಾನೇ ಒತ್ತಿಸ್ಕೊಂಡ್ ಬರ್ತೀನಿ. ಬೇಲಿಯೊಳಗೆ ಅವ್ನು ಇದ್ದಾನೋ ಇಲ್ವೋ, ಅಷ್ಟೇ ತಾನೆ ನಿಮಗೆ ಬೇಕಾದ್ದು?"

ಅವಳು ಒಳಹೋಗಿ ಗಂಡನಿಂದ ಒತ್ತಿಸಿ ತಂದ ಹೊಸ ಗುರುತನ್ನು ಹಳೆಯದರ ಪಕ್ಕದಲ್ಲಿ ಹಿಡಿದು ದಫೇದಾರ ಬಹಳ ಹೊತ್ತು ನೋಡಿದ. 'ಹಾಜರು' ಎಂದು ಬರೆದ. ಕಳ್ಳತನಕ್ಕೆ ಪಟ್ಟಿಯಲ್ಲಿ ಬೇರೆ ಹೆಸರು ಹುಡುಕಬೇಕಿತ್ತು. ಪೋಲೇರಿ ಉಸಿರು ಬಿಟ್ಟಳು. ಅವನು ಹೋಗಲಿಲ್ಲ, ಪುಟ ಮಗುಚಿ, ಖಾಲಿ ಸಾಲಿನ ಮೇಲೆ ಲೇಖನಿಯಿಟ್ಟ.

"ಮಗು ಗಂಡೋ, ಹೆಣ್ಣೋ?"

ಒಳಗೆ ಸುಂಕಯ್ಯ ಸೀರೆಯ ಸೆರಗನ್ನು ಕೂಸಿನ ಮೇಲೆಳೆದ.

"ಹೆಣ್ಣು ಸ್ವಾಮಿ," ಎಂದಳು ಪೋಲೇರಿ.

ಆ ಹೆಣ್ಣು ಹನ್ನೊಂದು ವರ್ಷ ಲಂಗ ತೊಟ್ಟು, ಜಡೆ ಹೆಣೆಸಿಕೊಂಡು ಬೆಳೆಯಿತಂತೆ. ಮೀಸೆ ಮೂಡಿದ ಮೇಲೆ ಏನಾಯಿತೆಂದು ಕೇಳಿದರೆ ಮುದುಕಿಯರು ತಲೆಯೆತ್ತದೆ ಬುಟ್ಟಿ ಹೆಣೆಯುತ್ತಾರೆ.